ತಟ್ಟೆಯಲ್ಲಿ ಯಾರ ದನಿ ಜೋರು? ಮನೆಯೂಟಕ್ಕೆ ವೈನ್ ಆರಿಸುವ ಬಗೆ

ತಮ್ಮನ ಹುಟ್ಟುಹಬ್ಬಕ್ಕೆ ಒಮ್ಮೆ ಕೈಬಿಚ್ಚಿ ಖರ್ಚು ಮಾಡಿ ಶಾಂಪೇನ್ ತಂದಿದ್ದೆ. ಕೇಕ್ ಕತ್ತರಿಸಿಯಾಯಿತು, ಎಲ್ಲರ ಬಾಯಿಗೂ ಕ್ರೀಮಿನ ತುಂಡು ಬಿತ್ತು, ಆಮೇಲೆ ಗ್ಲಾಸು ಹಂಚಿದೆ. ಒಂದು ಗುಟುಕು ಕುಡಿದ ತಮ್ಮ ಮುಖ ಕಿವುಚಿ, "ಅಕ್ಕಾ, ಇದು ಕೆಟ್ಟುಹೋಗಿಲ್ಲ ತಾನೇ?" ಅಂದ. ಅವನ ಹೆಂಡತಿ ಮರ್ಯಾದೆಗೆ ಇನ್ನೊಂದು ಗುಟುಕು ಕುಡಿದು ಗ್ಲಾಸನ್ನು ಮೆಲ್ಲಗೆ ಹೂದಾನಿಯ ಹಿಂದಕ್ಕೆ ಸರಿಸಿದಳು. ನಾನೂ ಕುಡಿದು ನೋಡಿದೆ. ನಿಂಬೆರಸಕ್ಕೆ ಸೋಡಾ ಹಾಕಿ ಸಕ್ಕರೆ ಮರೆತ ಹಾಗಿತ್ತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು, ಉಳಿದಿದ್ದ ಉಪ್ಪಿನ ಆಲೂಗಡ್ಡೆ ಚಿಪ್ಸ್ ತಿನ್ನುತ್ತಾ ಅದೇ ಬಾಟಲಿಯಿಂದ ಇನ್ನೊಂದು ಗ್ಲಾಸು ಬಗ್ಗಿಸಿಕೊಂಡೆ. ಅಮೃತ ಅಂದರೆ ಅಮೃತ. ಅದೇ ವೈನ್, ಅದೇ ಗ್ಲಾಸು, ಅದೇ ನಾಲಿಗೆ. ಬದಲಾಗಿದ್ದು ಬಾಯಲ್ಲಿದ್ದ ತಿಂಡಿ ಮಾತ್ರ.

ಆವತ್ತಿನಿಂದ ಅಡುಗೆಗೆ ವೈನ್ ಆರಿಸುವಾಗ ನನ್ನದು ಒಂದೇ ಪ್ರಶ್ನೆ: ಈ ತಟ್ಟೆಯಲ್ಲಿ ಯಾರ ದನಿ ಜೋರು? ಕೋಳಿಯೋ ಮೀನೋ ಅನ್ನುವುದು ಆಮೇಲಿನ ಮಾತು. "ಬಿಳಿ ಮಾಂಸಕ್ಕೆ ಬಿಳಿ ವೈನ್, ಕೆಂಪು ಮಾಂಸಕ್ಕೆ ಕೆಂಪು ವೈನ್" ಅನ್ನುವ ಹಳೇ ಸೂತ್ರ ಪೂರ್ತಿ ಸುಳ್ಳಲ್ಲ, ಆದರೆ ಅದು ನೋಡುವುದು ಮಾಂಸವನ್ನು ಮಾತ್ರ. ಕೋಳಿಗೆ ತನ್ನದೇ ಆದ ದನಿ ಕಡಿಮೆ. ನಿಂಬೆ ಹಿಂಡಿ ಸುಟ್ಟರೆ ನಿಂಬೆ ಮಾತಾಡುತ್ತೆ, ಕೆನೆಯಲ್ಲಿ ಅಣಬೆ ಜೊತೆ ಬೇಯಿಸಿದರೆ ಕೆನೆ ಮಾತಾಡುತ್ತೆ, ಟೊಮ್ಯಾಟೊ ಸಾಸಿನಲ್ಲಿ ಹಾಕಿದರೆ ಟೊಮ್ಯಾಟೊದ ಹುಳಿ, ಮೆಣಸಿನಕಾಯಿ ಅರೆದು ಹಚ್ಚಿದರೆ ಖಾರ. ಕೋಳಿ ಒಂದೇ ಆದರೂ ಬೇಕಾಗುವ ವೈನ್ ನಾಲ್ಕು.

ಕಾಲು ಗಂಟೆಯ ಪ್ರಯೋಗ

ಓದಿ ತಿಳಿಯುವುದಕ್ಕಿಂತ ಒಂದು ಸಲ ನಾಲಿಗೆಯಲ್ಲೇ ನೋಡಿಬಿಡುವುದು ಒಳ್ಳೆಯದು. ಒಂದು ಸಂಜೆ ಎರಡು ಬಾಟಲಿ ತೆಗೆಯಿರಿ: ಒಂದು ಸೊವಿನ್ಯೋ ಬ್ಲಾಂಕ್‌ನಂಥ ಹುಳಿ ಚೆನ್ನಾಗಿರುವ ಸಿಹಿಯಿಲ್ಲದ ಬಿಳಿ ವೈನ್, ಇನ್ನೊಂದು ಕಾಬರ್ನೆ ಸೊವಿನ್ಯೋನ್‌ನಂಥ ಗಟ್ಟಿ ಕೆಂಪು. ಪಕ್ಕದಲ್ಲಿ ಒಂದು ಚಿಕ್ಕ ತಟ್ಟೆ. ಅದರಲ್ಲಿ ನಿಂಬೆಯ ಒಂದು ಹೋಳು, ಚಿಟಿಕೆ ಉಪ್ಪು, ಅರ್ಧ ಚಮಚ ಜೇನು, ಗಟ್ಟಿ ಚೀಸಿನ ಒಂದು ತುಂಡು, ಒಂದಿಷ್ಟು ಮೆಣಸಿನಕಾಯಿ ಪುಡಿ. ಹತ್ತಿರ ಒಂದು ಲೋಟ ನೀರು, ಒಂದು ತುಂಡು ಬ್ರೆಡ್. ಗ್ಲಾಸಿಗೆ ಎರಡೆರಡು ಬೆರಳಿಗಿಂತ ಹೆಚ್ಚು ವೈನ್ ಬೇಡ.

ಮೊದಲು ಬರೀ ವೈನ್ ಕುಡಿದು ನೋಡಿ. ಬಿಳಿಯದು ದವಡೆಯ ಹಿಂದೆ ಜುಮ್ ಅನ್ನಿಸುತ್ತೆ, ಬಾಯಲ್ಲಿ ನೀರೂರುತ್ತೆ. ಅದು ಹುಳಿ. ಕೆಂಪು ಕುಡಿದಾಗ ವಸಡು, ನಾಲಿಗೆ, ಕೆನ್ನೆಯ ಒಳಭಾಗ ಎಲ್ಲ ಬಿಗಿದು ಒಣಗಿದ ಹಾಗಾಗುತ್ತೆ. ಇಂಗ್ಲಿಷಿನ ವೈನ್ ಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ಒದ್ದಾಡುತ್ತವೆ. ನಮಗೆ ಒಂದೇ ಪದ ಸಾಕು: ಒಗರು. ಎಳೆ ಬಾಳೆಕಾಯಿ ಕಚ್ಚಿದವರಿಗೆ, ಹಾಲಿಲ್ಲದ ಕಡು ಚಹಾ ಕುಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಒಗರಿಗೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತೆ, ಓಕ್ ಪೀಪಾಯಿಯಿಂದಲೂ ಒಂದಿಷ್ಟು. ಅದು ಎಂಜಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುವ ಗುಣವನ್ನೇ ಕಸಿದುಕೊಳ್ಳುತ್ತೆ.

ಈಗ ನಿಂಬೆಯನ್ನು ಸ್ವಲ್ಪ ಚೀಪಿ ಬಿಳಿ ವೈನ್ ಕುಡಿಯಿರಿ. ಅಷ್ಟು ಹೊತ್ತು ಚುಚ್ಚುತ್ತಿದ್ದ ವೈನ್ ಸಾಧುವಾಗಿಬಿಟ್ಟಿರುತ್ತೆ, ಒಂದಿಷ್ಟು ಸಿಹಿ ಅಂತಲೂ ಅನ್ನಿಸಬಹುದು. ಹುಳಿಯ ಮುಂದೆ ಹುಳಿ ಕುಗ್ಗುತ್ತೆ. ಹಾಗಾಗಿ ಅಡುಗೆಯಲ್ಲಿ ಹುಳಿ ಇದ್ದರೆ ವೈನಿನಲ್ಲಿ ಅದಕ್ಕೆ ಸರಿಸಮನಾದ ಹುಳಿ ಇರಲೇಬೇಕು. ಇಲ್ಲದಿದ್ದರೆ ವೈನ್ ಸಪ್ಪೆ.

ಬಾಯಿ ತೊಳೆದುಕೊಂಡು ಜೇನು ನೆಕ್ಕಿ, ಎರಡನ್ನೂ ಕುಡಿಯಿರಿ. ನನ್ನ ತಮ್ಮನ ಮುಖ ಯಾಕೆ ಹಾಗಾಯಿತು ಅಂತ ಗೊತ್ತಾಗುತ್ತೆ. ಬಿಳಿಯದು ಬರೀ ಹುಳಿನೀರು. ಕೆಂಪಿನಲ್ಲಿ ಹಣ್ಣಿನ ರುಚಿ ಮಾಯವಾಗಿ ಕಹಿ, ಒಗರು ಎದ್ದು ನಿಲ್ಲುತ್ತವೆ. ಇಡೀ ವಿಷಯದಲ್ಲಿ ನಾನು ರಾಜಿಯಾಗದ ನಿಯಮ ಇದೊಂದೇ: ತಿಂಡಿಗಿಂತ ವೈನ್ ಸಿಹಿಯಾಗಿರಬೇಕು. ಒಂದು ಎಳೆಯಷ್ಟು ಕಡಿಮೆಯಾದರೂ ಕೆಡುತ್ತೆ.

ಮುಂದಿನದು ಉಪ್ಪು. ಚಿಟಿಕೆ ಉಪ್ಪು ನಾಲಿಗೆಗೆ ಹಚ್ಚಿಕೊಂಡು ಕೆಂಪು ಕುಡಿಯಿರಿ. ಕಹಿ ತಗ್ಗುತ್ತೆ, ಹಣ್ಣು ಮೇಲೆ ಬರುತ್ತೆ. ಆಮೇಲೆ ಚೀಸ್ ತಿಂದು ಕುಡಿದರೆ ಒಗರು ಇನ್ನಷ್ಟು ಮೆತ್ತಗಾಗುತ್ತೆ. ಕಡು ಚಹಾಗೆ ಹಾಲು ಹಾಕಿದರೆ ಆಗುವುದೂ ಇದೇ: ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದಿಟ್ಟುಕೊಳ್ಳುತ್ತೆ, ನಿಮ್ಮ ಬಾಯಿ ಬಚಾವು. ಉಪ್ಪು ಸವರಿ ಸುಟ್ಟ, ಕೊಬ್ಬಿನ ಮಾಂಸಕ್ಕೆ ಒಗರಿನ ಕೆಂಪು ವೈನ್ ಯಾಕೆ ಅಷ್ಟು ಒಗ್ಗುತ್ತೆ ಅನ್ನುವುದರ ಗುಟ್ಟು ಈ ಎರಡು ಗುಟುಕಿನಲ್ಲೇ ಇದೆ. ಮಾಂಸದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಖಾರವನ್ನು ಕೊನೆಗಿಡಿ, ಯಾಕೆಂದರೆ ಅದಾದ ಮೇಲೆ ಬೇರೇನೂ ತಿಳಿಯುವುದಿಲ್ಲ. ಮೆಣಸಿನಕಾಯಿ ಪುಡಿ ಮುಟ್ಟಿಸಿ ಕೆಂಪು ಕುಡಿದರೆ ಉರಿ ಇಮ್ಮಡಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಯಾವ ನರದ ಬಾಗಿಲನ್ನು ಬಡಿಯುತ್ತದೋ ಆಲ್ಕೋಹಾಲೂ ಅದನ್ನೇ ಬಡಿಯುತ್ತೆ. ಶೇಕಡ 14.5 ಆಲ್ಕೋಹಾಲಿನ ಒಗರು ವೈನನ್ನು ಖಾರದ ಜೊತೆ ಕುಡಿಯುವುದು ಅಂದರೆ ಬೆಂಕಿಗೆ ತುಪ್ಪ. ಉರಿಯೇ ಇಷ್ಟ ಅನ್ನುವವರಿದ್ದಾರೆ, ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಅವರಿಗೆ ನನ್ನ ಉಪದೇಶವೇನೂ ಇಲ್ಲ. ಉಳಿದವರು ಆಲ್ಕೋಹಾಲು ಕಡಿಮೆ ಇರುವ, ಸ್ವಲ್ಪ ಸಿಹಿ ಉಳಿದಿರುವ, ತಣ್ಣಗಿನ ಬಿಳಿ ವೈನ್ ಹಿಡಿಯಿರಿ. ಜರ್ಮನಿಯ ರೀಸ್ಲಿಂಗ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಅಂಗಡಿಯಲ್ಲಿ ನಿಂತಾಗ

ಬಾಟಲಿಯ ಹಿಂದೆ ಬರೆದಿರುವ ಬೆರ್ರಿ, ತಂಬಾಕು, ಚರ್ಮದ ವಾಸನೆಯ ವರ್ಣನೆಗಳನ್ನು ನಾನು ಓದುವುದು ಬಿಟ್ಟು ಬಹಳ ಕಾಲವಾಯಿತು. ಊಟದ ಲೆಕ್ಕಕ್ಕೆ ಅದರಿಂದ ಉಪಯೋಗ ಕಡಿಮೆ. ನಾನು ಮೊದಲು ಹುಡುಕುವುದು ಸಣ್ಣ ಅಕ್ಷರದಲ್ಲಿರುವ ಆಲ್ಕೋಹಾಲಿನ ಶೇಕಡಾವಾರು. ಮಾಮೂಲಿ ವೈನಿನಲ್ಲಿ 8 ಅಥವಾ 9 ಇದ್ದರೆ ದ್ರಾಕ್ಷಿಯ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲಾಗಿಲ್ಲ, ಸಿಹಿ ಉಳಿದಿರುವ ಸಾಧ್ಯತೆ ಜಾಸ್ತಿ. 12ರ ಆಸುಪಾಸು ಅಂದರೆ ಹಗುರ. 14 ದಾಟಿದರೆ ಬಾಯಿ ತುಂಬುವ ಭಾರದ ವೈನ್, ಸಲಾಡಿನ ಪಕ್ಕ ಕೂರಿಸಿದರೆ ಎಲೆಗಳ ರುಚಿಯೇ ಮುಚ್ಚಿಹೋಗುತ್ತೆ. ಜರ್ಮನ್ ಬಾಟಲಿಯ ಮೇಲೆ 'ಟ್ರೋಕನ್' ಅಂತಿದ್ದರೆ ಸಿಹಿಯಿಲ್ಲ ಅಂತ ಅರ್ಥ.

ಗುಳ್ಳೆ ವೈನಿನ ಲೇಬಲ್ಲು ಮಾತ್ರ ಎಂಥವರನ್ನೂ ಏಮಾರಿಸುತ್ತೆ. 'ಎಕ್ಸ್‌ಟ್ರಾ ಡ್ರೈ' ಅನ್ನುವುದು 'ಬ್ರೂಟ್'ಗಿಂತ ಸಿಹಿ! ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ 12ರಿಂದ 17, ಡೆಮಿ ಸೆಕ್ 32ರಿಂದ 50. ಕೇಕಿಗೆ ಬೇಕಾದದ್ದು ಡೆಮಿ ಸೆಕ್. ನಾನು ತಂದಿದ್ದು ಬ್ರೂಟ್.

ನನ್ನ ತಪ್ಪಿಗೆ ಒಂದು ಐತಿಹಾಸಿಕ ನೆಪವೂ ಇದೆ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ್ದ ಹಡಗೊಂದರಲ್ಲಿ 168 ಶಾಂಪೇನ್ ಬಾಟಲಿಗಳು ಸಿಕ್ಕವು. ಸುಮಾರು 170 ವರ್ಷ ನೀರಿನ ತಳದಲ್ಲಿದ್ದ ಆ ವೈನನ್ನು ಪರೀಕ್ಷಿಸಿದಾಗ ಲೀಟರಿಗೆ 140 ಗ್ರಾಮಿನ ಆಸುಪಾಸು ಸಕ್ಕರೆ ಇತ್ತು. ಆ ಕಾಲದ ಶಾಂಪೇನ್ ಕೇಕಿನ ಪಕ್ಕ ಧೈರ್ಯವಾಗಿ ಕೂರುತ್ತಿತ್ತು. ವೈನಿನಿಂದ ಸಕ್ಕರೆ ಇಳಿಯಿತು, ಕೇಕಿನ ಜೊತೆ ಶಾಂಪೇನ್ ಬುರುಗು ಎಬ್ಬಿಸುವ ಸಡಗರ ಮಾತ್ರ ಉಳಿದುಕೊಂಡಿತು.

ಕೈ ಕೊಡುವ ಪದಾರ್ಥಗಳು

ಮೀನಿಗೆ ಕೆಂಪು ವೈನ್ ಬೇಡ ಅನ್ನುವ ಮಾತಿಗೆ ಕಾರಣ ಸಿಕ್ಕಿದ್ದು ಇತ್ತೀಚೆಗೆ. 2009ರಲ್ಲಿ ಜಪಾನಿನ ಸಂಶೋಧಕರು 38 ಕೆಂಪು, 26 ಬಿಳಿ ವೈನುಗಳನ್ನು ಸ್ಕಾಲಪ್ ಎಂಬ ಚಿಪ್ಪುಜೀವಿಯ ಜೊತೆ ಕುಡಿಸಿ ನೋಡಿದರು. ಮೀನುವಾಸನೆ ಎಬ್ಬಿಸುತ್ತಿದ್ದದ್ದು ವೈನಿನಲ್ಲಿದ್ದ ಕಬ್ಬಿಣ. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ವಾಸನೆ ಜೋರಾಗುತ್ತಿತ್ತು. ಕೆಂಪು ವೈನಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚು, ಆದರೆ ಎಲ್ಲದರಲ್ಲೂ ಅಲ್ಲ, ಮತ್ತು ಕಬ್ಬಿಣ ಎಷ್ಟಿದೆ ಅಂತ ಲೇಬಲ್ಲು ಹೇಳುವುದಿಲ್ಲ. ಹಾಗಾಗಿ ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಿಗೆ ನಾನು ಬಿಳಿಯನ್ನೇ ಇಡುತ್ತೇನೆ. ಸುಟ್ಟ ಸಾಲ್ಮನ್ನಿಗೆ ಹಗುರವಾದ ಕೆಂಪು ವೈನ್ ಪೀನೋ ನ್ವಾರ್ ತಣ್ಣಗೆ ಮಾಡಿ ಕುಡಿದಿದ್ದೇನೆ; ಚೆನ್ನಾಗಿಯೇ ಇತ್ತು. ಸಿಂಪಿಗೆ ಮಾತ್ರ ಬೇರೆ ಯೋಚನೆ ಬೇಡ, ಫ್ರಾನ್ಸಿನ ಬಿಳಿ ವೈನ್ ಮುಸ್ಕಾದೆ.

ಅಣಬೆ, ಹಳೆಯ ಚೀಸ್, ಸೋಯಾ ಸಾಸ್, ಮಾಗಿದ ಟೊಮ್ಯಾಟೊ, ಇವುಗಳಲ್ಲಿ ಉಮಾಮಿ ಅನ್ನುವ ಇನ್ನೊಂದು ರುಚಿ ಇದೆ. ಆರು ರಸದ ನಮ್ಮ ಪಟ್ಟಿಗೆ ಸೇರದೆ ಉಳಿದದ್ದು ಇದು. ಇದೊಂದೇ ಜೋರಾಗಿದ್ದರೆ ವೈನ್ ಕಹಿಯಾಗುತ್ತೆ, ಒರಟಾಗುತ್ತೆ. ಬೇಯಿಸಿದ ಅಣಬೆಯನ್ನು ಉಪ್ಪಿಲ್ಲದೆ ತಿಂದು ಕೆಂಪು ಕುಡಿಯಿರಿ, ಆಮೇಲೆ ಅದಕ್ಕೇ ಉಪ್ಪು ಉದುರಿಸಿ ಎರಡು ಹನಿ ನಿಂಬೆ ಹಿಂಡಿ ಮತ್ತೆ ಕುಡಿಯಿರಿ, ಕಹಿ ತಗ್ಗಿರುತ್ತೆ. ಹಳೆಯ ಚೀಸಿಗೆ ತೊಂದರೆಯಾಗದಿರುವುದು ಅದರಲ್ಲೇ ಇರುವ ಉಪ್ಪು, ಕೊಬ್ಬಿನಿಂದ.

ವಿನಿಗರ್ ಹಾಕಿದ ಸಲಾಡ್ ಎದುರು ಹೆಚ್ಚಿನ ವೈನುಗಳು ಸೋಲುತ್ತವೆ. ವಿನಿಗರ್ ಬದಲು ನಿಂಬೆ ಹಿಂಡಿ, ಎಣ್ಣೆ ಸ್ವಲ್ಪ ಜಾಸ್ತಿ ಬಿಡಿ, ಸೊವಿನ್ಯೋ ಬ್ಲಾಂಕ್ ನಿಭಾಯಿಸುತ್ತೆ. ಮೊಟ್ಟೆಯ ಹಳದಿ ನಾಲಿಗೆಗೆ ಬಳಿದುಕೊಳ್ಳುತ್ತೆ, ಅದನ್ನು ಉಜ್ಜಿ ತೆಗೆಯಲು ಗುಳ್ಳೆ ಬೇಕು. ಆರ್ಟಿಚೋಕ್ ಒಂದು ವಿಚಿತ್ರ ತರಕಾರಿ, ಅದರಲ್ಲಿರುವ ಸೈನಾರಿನ್ ನೀರನ್ನೂ ಸಿಹಿ ಅನ್ನಿಸುವಂತೆ ಮಾಡುತ್ತೆ, ಇನ್ನು ವೈನಿನ ಪಾಡೇನು? ಆ ದಿನ ನಾನು ನೀರನ್ನೇ ಕುಡಿಯುತ್ತೇನೆ.

ಚಾಕೊಲೇಟಿಗೆ ಕೆಂಪು ವೈನ್ ಅಂತ ಜಾಹೀರಾತುಗಳಲ್ಲಿ ಜೋಡಿ ಮಾಡಿ ತೋರಿಸುತ್ತಾರಲ್ಲ, ನನಗೆ ಅದು ಒಪ್ಪಿತವಲ್ಲ. ಚಾಕೊಲೇಟಿನಲ್ಲಿ ಸಿಹಿಯೂ ಇದೆ, ಕಹಿಯೂ ಇದೆ, ಒಗರೂ ಇದೆ. ಸಿಹಿಯಿಲ್ಲದ ಕೆಂಪು ಅದರ ಮುಂದೆ ಇಜ್ಜಲು ನೀರಿನ ಹಾಗೆ. ಪೋರ್ಚುಗಲ್ಲಿನ ಪೋರ್ಟ್ ಅಥವಾ ದಕ್ಷಿಣ ಫ್ರಾನ್ಸಿನ ಬನ್ಯುಲ್ಸ್ ತನ್ನಿ. ಎರಡೂ ಸಿಹಿ, ಎರಡೂ ಗಟ್ಟಿ.

ಚೀಸ್ ಬಗ್ಗೆ ಇನ್ನಷ್ಟು ಹೇಳಲೇಬೇಕು, ಯಾಕೆಂದರೆ ಅಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಚೀಸ್ ತಟ್ಟೆ ಬಂತೆಂದರೆ ಕೆಂಪು ಬಾಟಲಿ ತೆಗೆಯುವುದು ಎಲ್ಲರ ರೂಢಿ. ಗಟ್ಟಿಯಾದ, ಹಳೆಯ ಚೀಸಿಗೆ ಅದು ಸರಿ. ಮೆತ್ತಗಿನ ಆಡಿನ ಹಾಲಿನ ಚೀಸ್ ಹುಳಿ. ಅದಕ್ಕೆ ಹುಳಿ ಇರುವ ಬಿಳಿಯೇ ಆಗಬೇಕು. ಫ್ರಾನ್ಸಿನ ಲ್ವಾರ್ ನದಿಯ ಸೀಮೆಯಲ್ಲಿ ಶಾವಿನ್ಯೋಲ್ ಅಂತ ಒಂದು ಹಳ್ಳಿ ಇದೆ. ಆಡಿನ ಚೀಸಿಗೆ ಹೆಸರುವಾಸಿ. ಅದೇ ಹಳ್ಳಿಯ ಇಳಿಜಾರುಗಳಲ್ಲಿ ಸಾನ್ಸೇರ್ ವೈನಿನ ಸೊವಿನ್ಯೋ ಬ್ಲಾಂಕ್ ಬೆಳೆಯುತ್ತೆ. ಅಲ್ಲಿಯವರಿಗೆ ಈ ಜೋಡಿಯನ್ನು ಯಾರೂ ಕಲಿಸಿಕೊಟ್ಟಿರಲಿಕ್ಕಿಲ್ಲ, ಎರಡೂ ಒಂದೇ ಮೇಜಿನ ಮೇಲಿದ್ದವು. ಹಾಗಂತ ಒಂದೇ ಊರಲ್ಲಿ ಬೆಳೆದದ್ದೆಲ್ಲ ಜೋಡಿಯಾಗಲೇಬೇಕು ಅಂತೇನಿಲ್ಲ. ಇಂಗ್ಲೆಂಡಿನ ಸ್ಟಿಲ್ಟನ್ ಚೀಸಿಗೆ ಪೋರ್ಚುಗಲ್ಲಿನ ಪೋರ್ಟ್ ಜೋಡಿಯಾದದ್ದು ಸಮುದ್ರ ದಾಟಿ.

ನೀಲಿ ಬೂಸು ಹಿಡಿದ ಚೀಸಿನಲ್ಲಿ ಉಪ್ಪು ಜೋರು, ಅದಕ್ಕೆ ಸಿಹಿ ವೈನ್ ಬೇಕು. ರೋಕ್‌ಫೋರಿಗೆ ಬೋರ್ದೋ ಸೀಮೆಯ ಸೊತೆರ್ನ್. ಬೊಟ್ರೈಟಿಸ್ ಅನ್ನುವ ಬೂಸು ಹಿಡಿದು ಹಣ್ಣಿನ ನೀರೆಲ್ಲ ಆರಿ, ಸಕ್ಕರೆ ಮಡುಗಟ್ಟಿದ ದ್ರಾಕ್ಷಿಯಿಂದ ಅದನ್ನು ಮಾಡುತ್ತಾರೆ. ಬೂಸು ಹಿಡಿದ ಚೀಸಿಗೆ ಬೂಸು ಹಿಡಿದ ದ್ರಾಕ್ಷಿ ಅಂತ ನಾನು ಹೇಳಿದಾಗ ನಮ್ಮತ್ತೆ ತಟ್ಟೆಯನ್ನೇ ದೂರ ತಳ್ಳಿದ್ದರು. ಒತ್ತಾಯಕ್ಕೆ ಒಂದು ಚೂರು ಬಾಯಿಗಿಟ್ಟು, ಒಂದು ಗುಟುಕು ಕುಡಿದು, ಏನೂ ಮಾತಾಡದೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಬಿಸಿ, ತಣ್ಣಗೆ, ಮತ್ತು ರಿಪೇರಿ

ಒಳ್ಳೆಯ ಜೋಡಿಯೂ ಕೆಡುವುದು ಉಷ್ಣತೆಯಿಂದ. ಫ್ರಿಜ್ಜಿನಿಂದ ನೇರ ತೆಗೆದ ಬಿಳಿ ವೈನ್ 4 ಡಿಗ್ರಿಯ ಹತ್ತಿರ ಇರುತ್ತೆ, ರುಚಿಯೆಲ್ಲ ಮರಗಟ್ಟಿರುತ್ತೆ. ಕುಡಿಯುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಹೊರಗಿಡಿ, 8ರಿಂದ 12 ಡಿಗ್ರಿಗೆ ಬರಲಿ. ಕೆಂಪು ವೈನಿಗೆ ಹೇಳುವ "ಕೋಣೆಯ ಉಷ್ಣತೆ" ಚಳಿ ದೇಶದ ಹಳೆಯ ಕಲ್ಲಿನ ಮನೆಗಳ ಲೆಕ್ಕ, 16ರಿಂದ 18 ಡಿಗ್ರಿ. ಕೋಣೆ ಅದಕ್ಕಿಂತ ಬೆಚ್ಚಗಿದ್ದರೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿಗೆ ನೂಕಿ. ಬೆಚ್ಚಗಿರುವ ಕೆಂಪಿನಲ್ಲಿ ಆಲ್ಕೋಹಾಲು ಮೂಗಿಗೆ ರಾಚುತ್ತೆ. ತೀರ ತಣ್ಣಗಾದರೆ ಒಗರು ಹೆಚ್ಚುತ್ತೆ, ಹಾಗಾಗಿ ಮರೆತು ಮಲಗಬೇಡಿ.

ಎಲ್ಲ ಯೋಚನೆ ಮಾಡಿಯೂ ಜೋಡಿ ಕೈಕೊಡುವುದುಂಟು. ವೈನನ್ನು ಬದಲಾಯಿಸಲು ಆಗುವುದಿಲ್ಲ, ಆದರೆ ಅಡುಗೆ ಇನ್ನೂ ನಿಮ್ಮ ಕೈಯಲ್ಲೇ ಇದೆಯಲ್ಲ. ವೈನ್ ಕಹಿ, ಒಗರು ಅನ್ನಿಸಿದರೆ ತಟ್ಟೆಗೆ ಚಿಟಿಕೆ ಉಪ್ಪು, ಒಂದು ತುಂಡು ಬೆಣ್ಣೆ. ವೈನ್ ಹುಳಿ ಅನ್ನಿಸಿದರೆ ಅಡುಗೆಗೆ ನಿಂಬೆ ಹಿಂಡಿ; ಹುಳಿಗೆ ಹುಳಿ ಹಾಕುವುದು ತಲೆಕೆಳಗು ಅನ್ನಿಸಬಹುದು, ಪ್ರಯೋಗದ ನಿಂಬೆಹೋಳು ನೆನಪು ಮಾಡಿಕೊಳ್ಳಿ. ನನ್ನ ಮೇಜಿನ ಮೇಲೆ ಉಪ್ಪಿನ ಬಟ್ಟಲು, ಹೆಚ್ಚಿದ ನಿಂಬೆ ಯಾವಾಗಲೂ ಇರುತ್ತವೆ. ದುಬಾರಿ ಬಾಟಲಿಗಿಂತ ಹೆಚ್ಚು ಊಟಗಳನ್ನು ಉಳಿಸಿದ್ದು ಇವೇ.

ಹಲವು ಬಗೆಯ ಅಡುಗೆ ಒಟ್ಟಿಗೆ ಮೇಜಿಗೆ ಬರುವ ದಿನ ಒಂದೊಂದಕ್ಕೂ ಒಂದೊಂದು ವೈನ್ ಹುಡುಕುತ್ತಾ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರ ಜೊತೆ ಹೊಂದಿಕೊಳ್ಳುವ ಸ್ವಭಾವದ ಮೂರಿವೆ: ಬ್ರೂಟ್ ಗುಳ್ಳೆ ವೈನ್, ತುಸು ಸಿಹಿಯ ರೀಸ್ಲಿಂಗ್, ಒಗರು ಕಡಿಮೆ ಇರುವ ಕೆಂಪು ವೈನ್ ಬೊಜೊಲೆ. ಯಾವುದಾದರೂ ಎರಡನ್ನು ಮೇಜಿನ ಮೇಲಿಟ್ಟು ಬಿಡಿ, ಬೇಕಾದವರು ಬೇಕಾದ್ದು ಬಗ್ಗಿಸಿಕೊಳ್ಳಲಿ. 750 ಮಿಲಿಲೀಟರಿನ ಬಾಟಲಿಯಿಂದ 150ರ ಐದು ಗ್ಲಾಸು ಬರುತ್ತೆ. ಹಗುರವಾದದ್ದು ಮೊದಲು, ಭಾರದ್ದು ಆಮೇಲೆ, ಸಿಹಿ ಕೊನೆಗೆ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಕೆಂಪನ್ನೂ ಅಲ್ಲೇ ಇಡಿ. ಮೂರು ದಿನ ಪರವಾಗಿಲ್ಲ.

ಮರುವರ್ಷದ ಹುಟ್ಟುಹಬ್ಬಕ್ಕೆ ಮತ್ತೆ ಅದೇ ಬ್ರೂಟ್ ತಂದೆ. ಈ ಸಲ ಬಂದವರು ಕೂರುವ ಮೊದಲೇ, ಉಪ್ಪು ಹಾಕಿ ಹುರಿದ ಬಾದಾಮಿಯ ಜೊತೆ ಹಂಚಿದೆ. ತಮ್ಮ ಎರಡು ಗ್ಲಾಸು ಮುಗಿಸಿದ. ಕೇಕ್ ಬಂದಾಗ ಇಟಲಿಯ ಮೊಸ್ಕಾತೋ ದಾಸ್ತಿ ತೆಗೆದೆ. ಶೇಕಡ 5ರ ಸುಮಾರು ಆಲ್ಕೋಹಾಲು, ಸಣ್ಣ ಗುಳ್ಳೆ, ಕೇಕಿಗಿಂತ ಒಂದು ಕೈ ಮೇಲಿನ ಸಿಹಿ. ಅದನ್ನೂ ಮುಗಿಸಿ, ಬಾಯಿ ಒರೆಸಿಕೊಂಡು, "ಈ ಸಲ ಎರಡೂ ಚೆನ್ನಾಗಿದ್ವು ಅಕ್ಕಾ. ಹೋದ ವರ್ಷ ನಿನಗೆ ಯಾರೋ ಕೆಟ್ಟ ಬಾಟಲಿ ಕೊಟ್ಟಿದ್ರು" ಅಂದ.

ಖಾಲಿ ಬಾಟಲಿಯನ್ನು ಲೇಬಲ್ಲು ಗೋಡೆಗೆ ತಿರುಗಿಸಿಟ್ಟು ನಾನು ತಟ್ಟೆ ಎತ್ತಲು ಹೋದೆ.